ತೂತಿನ ರಟ್ಟು

ಪುಂತಾ ಅರೇನಾಸ್‌ನಲ್ಲಿ ಗಾಳಿ ಕೆರಳಿದ ದಿನ
ಬೀದಿಯ ತಿರುವಿಗೆ ಹಗ್ಗ ಕಟ್ಟುತ್ತಾರೆ.
ಹಗ್ಗ ಹಿಡಿದು ನಡೆಯುವವರು, ಹಿಡಿಯದೆ ಬೀಗುವವರು,
ಬೇರೆ ಯಾರದೋ ಟೋಪಿಯ ಹಿಂದೆ ಓಡುವವರು.
ಕಿಟಕಿಯಿಂದ ನೋಡನೋಡುತ್ತಲೇ ವಿಂಗಡಿಸಿಬಿಡುತ್ತೇನೆ.
ಹತ್ತೊಂಬತ್ತು ವರ್ಷದ ಚಾಳಿ.

ನನ್ನ ಕೆಲಸ ಇಷ್ಟೇ:
ದಕ್ಷಿಣದ ಹಿಮಠಾಣೆಯಲ್ಲಿ ಚಳಿಗಾಲ ಕಳೆಯಲು ಬಯಸಿದವರು
ಮುನ್ನೂರ ಹನ್ನೆರಡು ಪ್ರಶ್ನೆಗೆ ಹೌದು, ಇಲ್ಲ ಗೀಚಿಕೊಟ್ಟ ಹಾಳೆಯ ಮೇಲೆ
ತೂತು ಕೊರೆದ ರಟ್ಟು ಇಡುವುದು,
ತೂತಿನಲ್ಲಿ ಕಂಡ ಗೀಟು ಎಣಿಸುವುದು,
ಮೊತ್ತವನ್ನು ಡಾಕ್ಟರ್ ಎದೆಲ್ಮಿರಾ ಬಾಮೊಂದೆಯವರ ಮೇಜಿಗೆ ಮುಟ್ಟಿಸುವುದು.
ಒಟ್ಟು ಏಳು ವರ್ಗ. ಮೂರನೆಯದಕ್ಕೆ ಬೆಲೆ ಹೆಚ್ಚು:
ತಿಂಗಳುಗಟ್ಟಲೆ ಕತ್ತಲೆಯನ್ನು ಗೊಣಗದೆ ನುಂಗುವವರು.
ಐದನೆಯವರು ಮನೆಗೆ.

ರಟ್ಟನ್ನು ಬೈಯಲಾರೆ. ಅನ್ನ ಹಾಕಿದೆ.
ಅದಷ್ಟೇ ಅಲ್ಲ.
ಬಾಲ್ತಸಾರ್ ಬರ್ರಿಯಾ ಅಂತ ಒಬ್ಬ ಮೆಕ್ಯಾನಿಕ್ ಬಂದಿದ್ದ,
ಮನೆಗೆ ನೆಂಟರು ಬಂದರೆ ಗ್ಯಾರೇಜಿನಲ್ಲಿ ಕೂರುವವ.
ಸೊಕ್ಕು ಅಂದಳು ಹೆಂಡತಿ, ಸೋಮಾರಿ ಅಂದ ಮಾವ,
ಪಾದ್ರಿ ಕೂಡ ಏನೋ ಅಂದಿದ್ದರಂತೆ.
ರಟ್ಟು ಅಂದಿತು: ಮೂರು. ಅಪ್ಪಟ ಮೂರು.
ಡಾಕ್ಟರು ಹೆಂಡತಿಯನ್ನು ಕರೆಸಿ ಕೂರಿಸಿ ಹೇಳಿದರು:
ಇದು ನಿಮ್ಮ ಮೇಲಿನ ಮುನಿಸಲ್ಲ, ತಾಯಿ,
ಇವರಿಗೆ ಮೌನವೂ ಒಂದು ಹೊತ್ತಿನ ಊಟ.
ಆಕೆ ಮೊದಲು ನಕ್ಕಳು. ಆಮೇಲೆ ಕೈಚೀಲದಲ್ಲಿ ಏನನ್ನೋ
ತುಂಬಾ ಹೊತ್ತು ಹುಡುಕಿದಳು.
ಹದಿನಾಲ್ಕು ವರ್ಷದ ಜಗಳಕ್ಕೆ ಒಂದು ಅಂಕಿ ಸಿಕ್ಕಿತು.
ಹೆಸರಿಲ್ಲದ ನೋವಿಗಿಂತ ಅಂಕಿ ಬಿದ್ದ ನೋವು ವಾಸಿ,
ಅದಕ್ಕೊಂದು ಹಿಡಿಕೆ ಇರುತ್ತದೆ, ಎತ್ತಿ ಪಕ್ಕಕ್ಕಿಡಬಹುದು.

ಅದೇ ಫೆಬ್ರವರಿಯಲ್ಲಿ ನೊಲ್ಬೆರ್ತೊ ಒಯಾರ್ಸೊ.
ಚಿಲೊಯೆ ದ್ವೀಪದವ, ಅಡುಗೆಯವ, ಅಂಗಿತೋಳಿನ ತುಂಬ ಈರುಳ್ಳಿ ವಾಸನೆ.
ಪ್ರಶ್ನೆ ನೂರ ಹನ್ನೆರಡು:
ಬಾಗಿಲು ಒಡೆದುಹಾಕಬೇಕು ಅಂತ ನಿಮಗೆ ಅನ್ನಿಸುವುದುಂಟೇ?
ಹೌದು, ಅಂತ ಗೀಟು. ಪಕ್ಕದ ಅಂಚಿನಲ್ಲಿ ಪುಟ್ಟದಾಗಿ:
ಯಾವ ಬಾಗಿಲು? ಒಳಗೆ ಯಾರು ಸಿಕ್ಕಿಕೊಂಡಿದ್ದಾರೆ?
ಪ್ರಶ್ನೆ ಇನ್ನೂರ ಆರು: ಒಬ್ಬರೇ ಇದ್ದಾಗ ಮಾತಾಡುತ್ತೀರಾ?
ಹೌದು. ಅಂಚಿನಲ್ಲಿ: ಸಾರಿನ ಜೊತೆ.

ಅಂಚಿಗೆ ತೂತಿಲ್ಲ.
ಐದು. ಮನೆಗೆ.

ಆ ವರ್ಷ ಠಾಣೆಗೆ ಹೋದ ಅಡುಗೆಯವ ಬಂಗಾರದಂಥ ಮೂರು.
ಏನೂ ಕೆಡಲಿಲ್ಲ. ಊಟ ಗಂಟೆಗೆ ಸರಿಯಾಗಿ ಬಂತು, ಉಪ್ಪು ಹದವಾಗಿತ್ತು.
ಜೂನ್ ಕಳೆದ ಮೇಲೆ ಮಾತ್ರ
ಇಬ್ಬರು ಒಂದೇ ಮೇಜಿಗೆ ಕೂತದ್ದಿಲ್ಲವಂತೆ.
ಇಪ್ಪತ್ತಮೂರು ಜನ, ಇಪ್ಪತ್ತಮೂರು ತಟ್ಟೆ, ಇಪ್ಪತ್ತಮೂರು ಕೋಣೆ.
ವರದಿಯಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ.

ಒಂದು ಸಂಜೆ ಚಿಲಕ ಹಾಕಿಕೊಂಡು ನಾನೇ ಬರೆದೆ.
ಗಾಳಿಯ ಮಂಗಳವಾರ: ಎರಡು.
ಗಾಳಿ ಬಿದ್ದ ಶುಕ್ರವಾರ: ಆರು.
ತಂಗಿ ಫೋನು ಮಾಡಿ ರಪ್ಪನೆ ಇಟ್ಟ ರಾತ್ರಿ: ಎಣಿಸಲಿಲ್ಲ.
ಡಾಕ್ಟರಿಗೆ ಹೇಳಿದೆ. ಕನ್ನಡಕ ಒರೆಸುತ್ತ ಅಂದರು:
ಜರಡಿ ಹಿಟ್ಟಿನ ಮಾತು ಹೇಳುತ್ತದೆ, ರೊಟ್ಟಿಯ ಮಾತಲ್ಲ.
ಹಾಗಾದರೆ ರೊಟ್ಟಿಯನ್ನು ಕೇಳುವವರು ಯಾರು, ಅಂದೆ.
ಮುಂದಿನ ಹಾಳೆ ಕೊಡಿ, ಅಂದರು.
ಕೊಟ್ಟೆ. ನಲವತ್ತಿದ್ದವು,
ಹಡಗು ಹೊರಡಲು ಒಂಬತ್ತೇ ದಿನ. ನಲವತ್ತು ಮನುಷ್ಯರನ್ನು
ಮೊದಲಿಂದ ಕೇಳಿಸಿಕೊಳ್ಳಲು ಯಾರ ಬಳಿ ಚಳಿಗಾಲ ಉಳಿದಿದೆ?

ನೊಲ್ಬೆರ್ತೊ ಈಗ ಬಂದರಿನ ಬಾಯಲ್ಲಿ ಮೀನುಸಾರು ಮಾರುತ್ತಾನೆ.
ನನ್ನನ್ನು ಕಂಡರೆ ಸೌಟು ಎತ್ತಿ, ಇವತ್ತು ನಾನೆಷ್ಟು? ಅನ್ನುತ್ತಾನೆ.
ಬಟ್ಟಲಿಗೆ ಮೂರು ಸಾವಿರ ಪೆಸೊ, ಅನ್ನುತ್ತೇನೆ.
ಪರಿಚಯವಿಲ್ಲದ ನಾಲ್ವರು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿರುತ್ತಾರೆ,
ಯಾವುದೋ ಫುಟ್‌ಬಾಲಿನ ಬಗ್ಗೆ ಕಿರುಚಾಡುತ್ತ.

ರಟ್ಟು ಸವೆದಿದೆ. ನೂರ ಹನ್ನೆರಡರ ತೂತು
ಹರಿಯುತ್ತ ಹರಿಯುತ್ತ ಅಂಚಿನ ತನಕ ಬಂದಿದೆ.
ಹೊಸದು ತರಿಸಲು ಅರ್ಜಿ ಬರೆದು
ಮೂರು ವಾರವಾಯಿತು.
ಸಹಿ ಹಾಕಿಲ್ಲ.