ಕಿರೀಟ ಬಾಡಿಗಿಗೆ ಸಿಗತಾವ

ರಿಪೋರ್ಟು ಆ ಗಲ್ಲಾ ಮ್ಯಾಲ ಇಡು, ಮುಜೀಬ.
ಸಕ್ರಿ ಎಷ್ಟದ ಅಂತ ಈಗೇ ಹೇಳಬ್ಯಾಡ,
ಚಹಾ ಮುಗೀಲಿ.

ಹುಟ್ಟಿದಾಗಿಂದ ಶಹಾಬಜಾರದಾಗೇ ಇದ್ದೂ
ಒಂದರೆ ದೊಡ್ಡಾಟ ನೋಡಿಲ್ಲಂತಿ.
ಮೊದಲ್ನೇದು ಯಾವುದು ನೋಡಲಿ ಅಂತ
ನನ್ನ ಕೇಳ್ಲಾಕ ಬಂದಿ.
ಸರಿ ಅದ. ಈ ಕಡಿ ಅರ್ಧ ರಾಜರು
ಈ ಹತ್ತು ಫೂಟಿನ ಅಂಗಡಿಯಿಂದಲೇ ಎದ್ದು ಹೋಗ್ತಾರ,
ಮರುದಿನ ಇಲ್ಲಿಗೇ ಬಂದು ಗಂಟಾಗಿ ಬೀಳ್ತಾರ.

ಈ ತಿಂಗಳು ಮೂರು ಅವ.
ಆಳಂದಕ್ಕ ವಜ್ರಕೇತನ ಕಾಳಗ,
ಜೇವರ್ಗಿ ಸಾಲಿ ಬಯಲಿಗೆ ಇಂದುಮಾಲೆ,
ಚಿತ್ತಾಪುರದ್ದಕ್ಕ ಇನ್ನಾ ಹೆಸರೇ ಇಟ್ಟಿಲ್ಲ,
ಅಡ್ವಾನ್ಸ್ ಅಷ್ಟೇ ಕೊಟ್ಟು ಹೋಗ್ಯಾರ.

ಆಳಂದದವರ ಅಂಗಿ ತಿರುಗಿ ಬಂದಾಗ
ಬಗಲು ಹರದಿರ್ತಾವ, ಭುಜಕೀರ್ತಿ ಒಂದು ಕಮ್ಮಿ.
ಕುಣಿತ ಜೋರು, ಗದ್ದಲ ಭಾಳ,
ಬಾಕಿ ರೊಕ್ಕಕ್ಕ ಎಂಟು ಸಲ ಫೋನ್ ಹಚ್ಚಬೇಕು.
ಅಂಥಲ್ಲಿ ಹೊಸಬ ಹೋದ್ರ
ನಡುರಾತ್ರಿಗೇ ಹೊಟ್ಟಿ ತುಂಬಿ ನಿದ್ದಿ ಹತ್ತತದ.

ಜೇವರ್ಗಿಯವರದು ಮಡಿಕಿ ಸುದ್ದಾ ಮುರಿದಿರಂಗಿಲ್ಲ.
ಇಸ್ತ್ರಿ ಮಾಡಿ ಕೊಟ್ಟಿದ್ದು ಇಸ್ತ್ರಿ ಇದ್ದಂಗೇ ಬರ್ತದ.
ನನಗ ಲಾಭ.
ಆದ್ರ ಇಡೀ ರಾತ್ರಿ ಒಬ್ಬಾಕಿ ರಾಣಿ
ಗಂಡನ್ನ ಕಳಕೊಂಡು ಅತ್ತೂ
ಸೆರಗು ಒಂದು ಸಲನೂ ಮುದ್ದಿ ಆಗಲಿಲ್ಲಂದ್ರ
ಏನು ಹಾಡಿರಬೇಕು ಆಕಿ?

ಚಿತ್ತಾಪುರದಾಗ ರಾಣಿ ಅಂದ್ರ ಭೀಮಶಾ ಬಡಿಗೇರ.
ಅರವತ್ನಾಕು ವರ್ಷ, ಮೂರು ಹಲ್ಲಿಲ್ಲ.
ಅಂವ ಉಟ್ಟು ಬಿಟ್ಟ ಹಸಿರು ಸೀರಿ
ಎಡಗಡಿ ಭುಜದ ಮ್ಯಾಲ ಒಂದು ಕಲಿ ಹೊತ್ತು ಬರ್ತದ,
ಅಂಗೈಯಷ್ಟಗಲ, ಬಣ್ಣದ ಸಮೇತ.
ಬೆವರಲ್ಲ. ಬೆವರು ಒಳಗಿಂದ ಬರ್ತದ,
ಇದು ಹೊರಗಿಂದ ಹತ್ತಿದ್ದು.
ಯಾರೋ ಅಲ್ಲಿ ಮುಖ ಇಟ್ಟಿರ್ತಾರ,
ಕಥಿಯೊಳಗಿನ ಮಗನೋ,
ಕಥಿ ಮುಗಿದ ಮ್ಯಾಲ ಮದ್ದಳಿ ಬಡಿಯಾಂವನೋ,
ನನಗೆಲ್ಲಿ ಗೊತ್ತು.
ಎರಡು ಸಲ ಒಗದೀನಿ, ಹೋಗವಲ್ದು.

ಹೂಂ, ಸ್ವರ ತಪ್ತಾನ. ಮ್ಯಾಲಿನ ಷಡ್ಜಕ್ಕ ಏರೋದ್ರಾಗ
ದನಿ ಹರೀತದ, ಹಳೆ ರೇಷ್ಮಿ ಹರದಂಗ,
ಹೊಲಗಿ ಇದ್ದಲ್ಲಲ್ಲ, ನಟ್ಟನಡುವ.
ತಿಳದೋರು ಮಾರಿ ಸಿಂಡರಿಸ್ತಾರ.
ನಿನಗೇನು ತಿಳೀತದ? ಅದಕ್ಕೇ ನೀ ಹೋಗು.
ತಿಳಿಯೋಕ್ಕಿಂತ ಮೊದಲು ಒಂದೇ ರಾತ್ರಿ ಇರ್ತದ.

ಪದ ಅರ್ಥ ಆಗಂಗಿಲ್ಲಂತ ಅಂಜಬ್ಯಾಡ,
ಹಾಡೋರಿಗೇ ಅರ್ಧ ಆಗಿರಂಗಿಲ್ಲ.
ಮೈಕಿನ ಡಬ್ಬಿ ಬಲ್ಲಿ ಕೂಡಬ್ಯಾಡ.
ಪುಠಾಣಿ ಒಯ್ಯಿ, ಸ್ವೆಟರ್ ಒಯ್ಯಿ,
ಮೂರರ ಸುಮಾರಿಗೆ ಕಾಗಿಣಾ ಹೊಳಿ ಗಾಳಿ ಏಳ್ತದ.

ನಾನಾ?
ನಾ ಒಂದೂ ಆಟ ಮುಂದ ಕುಂತು ನೋಡಿಲ್ಲಪಾ.
ಮೂವತ್ತೊಂದು ವರ್ಷ, ಬಾಯಾಗ ಟಾಚಣಿ ಕಚಗೊಂಡು
ಪರದೆ ಹಿಂದ ನಿಂತೀನಿ.
ಹಿಂದಿನಿಂದ ನೋಡಿದ್ರ
ರಾಜನ ಅಂಗಿಗೆ ಜರಿ ಇಲ್ಲ, ಅಸ್ತರ ಇಲ್ಲ,
ಹಳೆ ಲುಂಗಿ ತುಂಡು, ನನ್ನ ಉದ್ದುದ್ದ ಟಾಕಿ.
ಅಂವ ಉಸರು ಹಿಡದು ಹಾಡ್ತಿದ್ರ
ಬೆನ್ನು ಉಬ್ಬೋದಷ್ಟೇ ನನಗ ಕಾಣ್ತದ,
ಮೂರ್ನೇ ಗುಂಡಿ ಕಿತ್ತೀತೇನೋ ಅಂತ ಜೀವ ಕೈಯಾಗ.
ಮುಂದಿನ ಮಂದಿ ಯಾಕ ಗಪ್ಪಾದ್ರೋ,
ಯಾಕ ಒಮ್ಮೆಲೇ ಮೂಗು ಎಳದ್ರೋ,
ಕೇಳ್ತದ. ಕಾಣಂಗಿಲ್ಲ.

ಶನಿವಾರ ಆರಕ್ಕ ಬಸ್ಸದ.
ಭೀಮಶಾನ ಕುಬಸಕ್ಕ ಗುಂಡಿ
ಈ ಸಲ ಎರಡೆರಡು ದಾರ ಹಾಕಿ ಬಿಗದೀನಿ,
ಒಂದು ರಾತ್ರಿ ತಾನೇ ತಡೀತದ.
ಕಿಟಕಿ ಕಡಿ ಸೀಟು ನನಗ ಇರಲಿ,
ನನಗ ವಾಂತಿ ಬರ್ತದ.

ಹಾಂ, ಚಹಾ ಮುಗೀತು.
ಈಗ ಹೇಳು.
ಊಟಕ್ಕ ಮೊದಲಿಂದೆಷ್ಟು, ಊಟದ ಮ್ಯಾಲಿಂದೆಷ್ಟು?