ಹಿಂದಿನ ಸೀಟು

ಹೆಸರು ಯೋನಪ್ಪ. ಊರು ಬೆಟಗೇರಿ.
ಮೀನಿನ ಹೊಟ್ಟೆ ಕಂಡವನ ಹೆಸರು
ಕಡಲಿಗೆ ಹೆದರುವ ಮಗನಿಗಿಟ್ಟ ಅಪ್ಪ.
ಹೊಟ್ಟೆಪಾಡು ತಂದು ನಿಲ್ಲಿಸಿದ್ದು ಕಡಲ ಬಾಯಲ್ಲೇ:
ವಾಸ್ಕೋ ಸ್ಟೇಷನ್ನಿನೆದುರು, ಪೈಲಟ್ ಸ್ಟ್ಯಾಂಡಿನಲ್ಲಿ,
ಹಳದಿ ಮಡ್ಗಾರ್ಡಿನ ಬೈಕು, ಸರದಿಯಲ್ಲಿ ಏಳನೆಯದು.

ನಾನು ಪ್ರಾರ್ಥಿಸುವುದು ಹೆಲ್ಮೆಟ್ಟಿನೊಳಗೆ.
ತುಟಿ ಅಲುಗಿದ್ದು ಯಾರಿಗೂ ಕಾಣುವುದಿಲ್ಲ;
ಮಾತು ಗಾಜಿಗೆ ಬಡಿದು ಮಂಜಾಗಿ
ನನ್ನ ಕಣ್ಣಿಗೇ ಮರಳುತ್ತದೆ.
ಕರ್ತನೇ, ಕ್ಲಚ್ ವೈರು ಈ ವಾರ ತಾಳಲಿ.
ಮಾರ್ಥಾಳ ಫೀಸಿಗೆ ಹದಿನೈದರ ಗಡುವು, ನಿನಗೆ ಗೊತ್ತು.
ರೂತವ್ವನ ರೊಟ್ಟಿಬುಟ್ಟಿ ಮಧ್ಯಾಹ್ನದೊಳಗೆ ಬರಿದಾಗಲಿ.
ಮಳೆ ಹಿಡಿದರೆ ಕಟ್ಟಡದ ಕೆಲಸ ನಿಲ್ಲುತ್ತದೆ,
ಕೆಲಸ ನಿಂತರೆ ರೊಟ್ಟಿ ಕೊಳ್ಳುವವರು ಯಾರು?
ಹಾಗಂತ ಮಳೆ ಬೇಡ ಅನ್ನಲಾರೆ,
ಬೆಟಗೇರಿಯಲ್ಲಿ ಬೆಳೆದವನು.

ಇನ್ನೊಂದಿದೆ, ಅದನ್ನು ಕಡೆಗೆ ಹೇಳುತ್ತೇನೆ;
ಸಿಗ್ನಲ್ಲು ಹಸಿರಾದರೆ ಹೇಳದೆಯೂ ಬಿಡುತ್ತೇನೆ.
ಮಾರ್ಚಿನಲ್ಲಿ ಒಬ್ಬ ತಾಯಿ, ಸೆರಗಿನಲ್ಲಿ ಜ್ವರದ ಮಗು,
ಚಿಕಾಲಿಂ ಆಸ್ಪತ್ರೆಗೆ ಎಂದಳು.
ಎಂಬತ್ತರ ದಾರಿಗೆ ಇನ್ನೂರೈವತ್ತು ತಗೊಂಡೆ.
ಅವಳು ಎಣಿಸದೆ ಕೊಟ್ಟಳು.
ಆ ನೋಟು ಪೆಟ್ರೋಲಾಗಿ ಹೊಗೆಯಾಗಿ ಹೋಯಿತು,
ವಾಸನೆ ಹೋಗಿಲ್ಲ.
ಆಸ್ಪತ್ರೆಯ ತಿರುವಿನಲ್ಲಿ ಇಂದಿಗೂ ಅವಳ ಮುಖ ಹುಡುಕುತ್ತೇನೆ,
ಸಿಗದಿರಲಿ ಅಂತಲೂ ಬೇಡುತ್ತೇನೆ.

ಈ ರಾತ್ರಿ, ಮಿರಗದ ಮಳೆ ಸುರಿದು ಬಿಟ್ಟ ಮೇಲೆ
ಮೀನು ಮಾರುವ ಪಿಯೆದಾದ್ ಮುದುಕಿ,
ಒಣಸಿಗಡಿಯ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟು
ಆಗಶಿಗೆ ಬಿಡು ಅಂದಳು.
ಲೈಸೆನ್ಸು ಕೇಳಲಿಲ್ಲ. ಬ್ರೇಕು ಕೇಳಲಿಲ್ಲ.
ಉಂಡಿದ್ದೀಯಾ, ಕುಡಿದಿದ್ದೀಯಾ, ಕೇಳಲಿಲ್ಲ.
ಜುವಾರಿ ಸೇತುವೆ ಏರುವಾಗ
ಬೆನ್ನಿಗೆ ಏನೋ ತಗುಲಿತು, ಬೆಚ್ಚಗೆ, ಭಾರವಾಗಿ.
ತಲೆ. ಮುದುಕಿ ನಿದ್ದೆ ಹೋಗಿದ್ದಳು.
ಕೆಳಗೆ ನಾನು ಹೆದರುವ ಕಪ್ಪು ನೀರು,
ಅಡ್ಡಗಾಳಿ, ಎದುರಿಗೆ ಅದಿರಿನ ಟ್ರಕ್ಕು,
ಎಂಥ ಬೆನ್ನೆಂದು ಗೊತ್ತಿಲ್ಲದೆ ಒರಗಿದ್ದಾಳೆ.
ಬೆನ್ನು ನನ್ನದು. ಇನ್ನೂರೈವತ್ತು ತಗೊಂಡವನದು.
ಇಪ್ಪತ್ತು ದಾಟಲಿಲ್ಲ ಮುಳ್ಳು.
ಉಸಿರನ್ನೂ ಸಣ್ಣಗೆ ಬಿಟ್ಟೆ.

ಆಗ ಹೊಳೆಯಿತೋ, ನಾಚಿಕೆಯಾಯಿತೋ:
ನಲವತ್ತಾರು ವರ್ಷ ನಿನ್ನ ಹಿಂದೆ ಕೂತು
ಒಮ್ಮೆಯೂ ನಿದ್ದೆ ಮಾಡಿಲ್ಲ ನಾನು, ಯೇಸುವೇ.
ಭುಜದ ಮೇಲಿಂದ ಇಣುಕಿ ದಾರಿ ಹೇಳಿದ್ದೇ ಹೇಳಿದ್ದು,
ಎಡಕ್ಕೆ, ಬಲಕ್ಕೆ, ಗುಂಡಿ ನೋಡು, ಪೆಟ್ರೋಲಿದೆಯಾ,
ತಿರುವಿಗೊಮ್ಮೆ ಕಾಲು ನೆಲಕ್ಕೂರಿ
ಬೀಳಿಸುತ್ತೀ ಎಂದು ಕಿರುಚಿದ್ದು.
ಗಾಯದ ಕೈಯಲ್ಲಿ ಹ್ಯಾಂಡಲ್ಲು ಹಿಡಿದ ನೀನು
ಬಾಡಿಗೆ ಕೇಳಲಿಲ್ಲ. ಕೇಳಿದ್ದರೆ
ಆ ತಾಯಿಯ ನೂರೆಪ್ಪತ್ತನ್ನೇ ಕೇಳುತ್ತಿದ್ದೆ.

ಆಗಶಿಯಲ್ಲಿ ಮುದುಕಿ ಎಚ್ಚರಾಗಿ
ಇಷ್ಟು ಹೊತ್ತೇ, ಇದೇನು ಎತ್ತಿನ ಗಾಡಿಯೇ ಎಂದು ಬೈದು
ಹತ್ತು ರೂಪಾಯಿ ಮುರಿದುಕೊಂಡು ಕೊಟ್ಟಳು.
ನಗು ಬಂತು. ತಕರಾರು ಮಾಡಲಿಲ್ಲ.

ಈಗ ನಾಲ್ಕು ಗಂಟೆ. ಸ್ಟ್ಯಾಂಡಿಗೆ ಮರಳಿದ್ದೇನೆ.
ಪೆಟ್ರೋಲಿನ ಮುಳ್ಳು ಕೆಂಪಿನಲ್ಲೇ ಇದೆ.
ಹದಿನೈದಕ್ಕೆ ಮೂರೇ ದಿನ.
ರಾತ್ರಿಯ ಗಳಿಕೆಯಲ್ಲಿ ನೂರೆಪ್ಪತ್ತು ಎಣಿಸಿ
ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ, ಮೇಲೆ ಬರೆದೆ: ಅವಳದು.
ಉಳಿದದ್ದು ಎಣಿಸುವಷ್ಟಿರಲಿಲ್ಲ.

ಹೆಲ್ಮೆಟ್ಟು ತೆಗೆದು ಕನ್ನಡಿಗೆ ನೇತುಹಾಕಿ
ಹಿಂದಿನ ಸೀಟಿಗೆ ಸರಿದು ಕೂತೆ.
ಮುಂದೆ ಖಾಲಿ ಜಾಗ, ಒದ್ದೆ ಹ್ಯಾಂಡಲ್ಲು.
ಯಾರಿಗೆ ಕಾಯುತ್ತಿದ್ದೀ, ಕೇಳಿದ ಪಕ್ಕದ ಪೈಲಟ್ ಸಾಂತಾನ್.
ರೈಲು ತಡವಂತೆ, ಅಂದೆ.
ಹೊಟ್ಟೆ ಹಸಿದಿತ್ತು.
ನಿದ್ದೆ ಬಂತು.