ಪೈಕ್ ಹಾಲೋದ ಥಿಬೋ

ಮೂವತ್ತೊಂದು ವರ್ಷ ನನ್ನ ಕೆಲಸ ಹೆಸರು ಕೂಗುವುದು.
ಮೊದಲು ಊರು, ಆಮೇಲೆ ಆಳು.
ನೂರೈವತ್ತು ಮಂದಿ.
ಹೌದು ಅಂದವರ ಮುಂದೆ ಗೆರೆ,
ಇಲ್ಲ ಅಂದವರ ಮುಂದೆ ಸೊನ್ನೆ.
ನಾಲಿಗೆಗೆ ಪಕ್ಷ ಇರಬಾರದು ಎಂದಿದ್ದ
ನನಗಿಂತ ಮೊದಲು ಕೂಗುತ್ತಿದ್ದ ಮುದುಕ ಗುಮಾಸ್ತ.

"ಪೈಕ್ ಹಾಲೋದ ಥಿಬೋ."
ಅಕ್ಷರಮಾಲೆಯ ಬಾಲದ ಹತ್ತಿರ ಅವನು.
ಅಲ್ಲಿಗೆ ಬರುವಷ್ಟರಲ್ಲಿ
ಆಗುವುದೆಲ್ಲ ಹೆಚ್ಚುಕಮ್ಮಿ ಆಗಿಹೋಗಿರುತ್ತಿತ್ತು.

ಅರ್ಮಾಂಡ್ ಥಿಬೋ, ಬಾವಿ ಕೊರೆಯುವವನು.
ನೆಲ ಹೆಪ್ಪುಗಟ್ಟಿದಾಗ ಕಾನೂನು,
ನೆಲ ಸಡಿಲಿದಾಗ ಕಸುಬು
ಎಂದು ತಾನೇ ಹೇಳಿ ತಾನೇ ನಗುತ್ತಿದ್ದ.
ನಮ್ಮ ವರ್ಮಾಂಟಿನಲ್ಲಿ ಶಾಸಕನಿಗೆ ಕಚೇರಿಯಿಲ್ಲ, ಆಳುಕಾಳಿಲ್ಲ,
ಸಭೆಯಲ್ಲೊಂದು ಕುರ್ಚಿ, ಕೋಟಿಗೊಂದು ಗೂಟ.
ಕ್ಯಾಂಟೀನಿನ ಮೂಲೆ ಮೇಜೇ ಅವನ ದರ್ಬಾರು:
ಹಿಮ ತೆಗೆಯದ ದಾರಿ, ಯಾರದೋ ಪಿಂಚಣಿ,
ಜನನ ಪತ್ರದಲ್ಲಿ ಹೆಸರು ತಪ್ಪಿದ ಹುಡುಗ.
ಸೂಪಿನ ಕಲೆಯಾದ ಕಾಗದದ ಕರವಸ್ತ್ರಗಳಲ್ಲಿ
ಎಲ್ಲರ ಫೋನ್ ನಂಬರು.
ಕೆಲಸ ಆದ ದಿನ ಅದರಲ್ಲೇ ಬಾಯಿ ಒರೆಸಿ ಎಸೆಯುತ್ತಿದ್ದ.

ಹನ್ನೆರಡು ವರ್ಷದಲ್ಲಿ ಅವನದು ಅಂತ ಒಂದೇ ಮಸೂದೆ.
ಮನೆ ಮಾರುವವರು ಬಾವಿ ನೀರು ಪರೀಕ್ಷಿಸಬೇಕು,
ಕೊಳ್ಳುವವರಿಗೆ ತೋರಿಸಬೇಕು.
ಯಾಕೆ ಎಂದು ಸಮಿತಿಯಲ್ಲಿ ಒಂದೇ ಸಲ ಹೇಳಿದ:
"ಆರ್ಸೆನಿಕ್ ಕಲ್ಲೊಳಗೇ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ.
ನಾನೇ ಕೊರೆದ ಬಾವಿ. ಮೊದಲ ಲೋಟ ನಾನೇ ಕುಡಿದೆ.
ಸಿಹಿಯಾಗಿದೆ, ಮಕ್ಕಳಿಗೆ ಕೊಡಿ, ಅಂದೆ."
ಮುಂದೆ ಹೇಳಲಿಲ್ಲ. ಯಾರೂ ಕೇಳಲಿಲ್ಲ.

ನಾಲ್ಕು ಸಲ ಅದು ಸಮಿತಿ ಕೋಣೆಯ ಗೋಡೆಯ ಮೇಲೇ ತೂಗಿ
ವಸಂತದ ಹೊತ್ತಿಗೆ ಅಂಚು ಸುರುಳಿಯಾಯಿತು.
ಮನೆ ದಲ್ಲಾಳಿಗಳು ಮೊಗಸಾಲೆಯಲ್ಲಿ
ಬಿಸಿ ಬನ್ನು ಹಂಚುತ್ತಿದ್ದರು.
(ನಾನೂ ತಿಂದಿದ್ದೇನೆ. ಚೆನ್ನಾಗಿತ್ತು.)

ಐದನೆಯ ಸಲ ಮತಕ್ಕೆ ಬಂದ ದಿನ ಹಿಮಗಾಳಿ.
ಅವನ ಕಡೆಯ ಇಬ್ಬರು ಘಾಟಿಯ ಆಚೆ ಸಿಕ್ಕಿಕೊಂಡಿದ್ದರು.
ಕೂಗುತ್ತ ಕೂಗುತ್ತ ನನಗೆ ಲೆಕ್ಕ ಗೊತ್ತಾಗುತ್ತಿತ್ತು.
ಪೆನ್ಸಿಲ್ ಹಿಡಿದು ಅವನೂ ಎಣಿಸುತ್ತಿದ್ದ.

"ಪೈಕ್ ಹಾಲೋದ ಥಿಬೋ."

ಅಧ್ಯಕ್ಷರನ್ನಲ್ಲ, ನನ್ನನ್ನು ನೋಡಿದ.
"ಇಲ್ಲ."

ಸಭೆಗೆ ಸಭೆಯೇ ತಿರುಗಿತು.
ಸೊನ್ನೆ ಸುತ್ತುವಾಗ ನನ್ನ ಪೆನ್ನು ಅರ್ಧಕ್ಕೆ ನಿಂತಿತು.
ಆಮೇಲೆ ಹೊಳೆಯಿತು:
ಗೆದ್ದ ಕಡೆ ನಿಂತವನಿಗೆ ಮಾತ್ರ
ಮಾರನೆಯ ದಿನ ಎದ್ದು,
ಇನ್ನೊಮ್ಮೆ ಎಣಿಸಿ, ಎಂದು ಕೇಳುವ ಹಕ್ಕು.
ಮುಚ್ಚುವ ಬಾಗಿಲಿಗೆ ಅವನು ಪಾದ ಅಡ್ಡ ಕೊಟ್ಟಿದ್ದ.

ಹೌದು ಎಪ್ಪತ್ತು, ಇಲ್ಲ ಎಪ್ಪತ್ತೆರಡು.
ಮಾರನೆಯ ದಿನ ಬಿಸಿಲು, ದಾರಿ ತೆರೆದಿತ್ತು, ಆ ಇಬ್ಬರೂ ಬಂದರು.
ಹೌದು ಎಪ್ಪತ್ತಮೂರು, ಇಲ್ಲ ಎಪ್ಪತ್ತೊಂದು.

ಅವನ ಕಡೆಯ ಪತ್ರಿಕೆಗೆ ಮೊದಲ ದಿನದ ಪಟ್ಟಿ ಸಾಕಾಗಿತ್ತು:
ತನ್ನದೇ ಮಸೂದೆಗೆ ಥಿಬೋ "ಇಲ್ಲ".
ಬೇಸಿಗೆಯಿಡೀ ಪೆಟ್ರೋಲ್ ಬಂಕಿನಲ್ಲಿ ಅದೇ ಮಾತು,
ದಲ್ಲಾಳಿಗಳು ಎಷ್ಟು ಕೊಟ್ಟರಂತೆ?
ಬಿಡಿಸಿ ಹೇಳಬಾರದೇ ಅಂದೆ.
"ಹೇಳಿದೆ. ನಿಯಮಾವಳಿ ಅನ್ನುವಷ್ಟರಲ್ಲಿ
ಜನ ಗಡಿಯಾರ ನೋಡುತ್ತಾರೆ."
ನವೆಂಬರಿನಲ್ಲಿ ಸೋತ. ಹದಿನಾಲ್ಕು ಮತ.

ಗೂಟದಿಂದ ಕೋಟು ಒಯ್ಯಲು ಬಂದವನು
ಆ ದಿನದ ಪುಟ ತೋರಿಸು ಎಂದ. ತೋರಿಸಿದೆ.
ಸೊನ್ನೆಯ ಮೇಲೆ ಬೆರಳಿಟ್ಟು,
"ಸರಿಯಾಗಿ ಬರೆದಿದ್ದೀಯ," ಅಂದ.
ಯಾಕೆ ಎಂಬುದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇಲ್ಲ.

ಹೋದ ಬೇಸಿಗೆ ಮಗಳು ಮನೆ ಕೊಂಡಳು.
ಸಾಲದ ಕಾಗದ, ಸುಂಕದ ಕಾಗದ, ಅವುಗಳ ನಡುವೆ
ನೀರಿನದೊಂದು ಹಾಳೆ.
ಓದದೇ ಸಹಿ ಹಾಕಲು ಹೊರಟಿದ್ದಳು.
ತಡೀ ಅಂದು ಕಿತ್ತುಕೊಂಡು
ಮೇಲಿಂದ ಕೆಳಗಿನ ತನಕ, ಒಂದೊಂದೇ ಅಂಕಿ,
ಗಟ್ಟಿಯಾಗಿ ಓದಿದೆ,
ಹೆಸರು ಕೂಗುವ ದನಿಯಲ್ಲೇ.